ತಾಳೆಮರದ ನಾಡಿನಲ್ಲಿ ಭಾವನ ಊಟ

ಒಂದು ನಾಡಿನ ನಾಗರಿಕತೆಯನ್ನು ಅಲ್ಲಿನ ಜನ ಏನು ಕುಡಿಯುತ್ತಾರೆ, ಅದರ ಜೊತೆಗೆ ಏನು ತಿನ್ನುತ್ತಾರೆ ಎಂಬುದರಿಂದ ಅಳೆಯಬೇಕು ಎಂದು ಬಲ್ಲವರು ಹೇಳುತ್ತಾರೆ. ಭಾವನೂ ನಾನೂ ಬೆಂಗಳೂರಿನಲ್ಲಿ ಬೆಳಗಿನ ಧರ್ಮಪುರಿ ಬಸ್ಸು ಹತ್ತಿದಾಗ ಕುಡಿದಿದ್ದದ್ದು ಫ್ಲಾಸ್ಕಿನ ಬಿಸಿನೀರು, ಅದರ ಜೊತೆಗೆ ತಿಂದಿದ್ದದ್ದು ತಲಾ ಒಂದು ಬಿಪಿ ಮಾತ್ರೆ.

ಭಾವ ಎಂದರೆ ನನ್ನ ಅಕ್ಕನ ಗಂಡ ಗುರುರಾಜರು. ಮಾಧ್ವರು, ಹಣೆಯ ಮೇಲೆ ಗೋಪೀಚಂದನದ ನಾಮವಿಲ್ಲದೆ ಬಾಗಿಲಿಗೆ ಬಂದ ಹಾಲಿನ ಪ್ಯಾಕೆಟ್ಟನ್ನೂ ಮುಟ್ಟದವರು. ಹೋದ ವರ್ಷ ಅಕ್ಕ ತೀರಿಕೊಂಡಳು. ಅಂದಿನಿಂದ ಭಾವ ಎಲೆಯ ಮುಂದೆ ಕೂತ ತಕ್ಷಣ, ಬಡಿಸುವವರು ಬರುವ ಮೊದಲೇ, "ಸಾಕು" ಎನ್ನುವುದನ್ನು ರೂಢಿಸಿಕೊಂಡಿದ್ದರು. ಒಂದು ತುತ್ತು ಮೊಸರನ್ನ, ಅರ್ಧ ಬಾಳೆಹಣ್ಣು. ಪಂಚೆ ಸೊಂಟದಲ್ಲಿ ನಿಲ್ಲದೆ ಬೆಲ್ಟು ಕಟ್ಟುವ ಸ್ಥಿತಿಗೆ ಬಂದಿತ್ತು. ಮಗಳು ಸುಮಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಿಷ್ಟು: "ಮಾಮ, ಎಲ್ಲಿಗಾದರೂ ಕರ್ಕೊಂಡು ಹೋಗು. ಅಪ್ಪ ಒಂದು ಹೊತ್ತು ಸರಿಯಾಗಿ ಊಟ ಮಾಡಿದರು ಅಂತ ಫೋನ್ ಮಾಡು. ಸುಳ್ಳು ಹೇಳಬೇಡ."

ಮೊದಲು ಅವಳೇ ತೋರಿಸಿದ್ದು ದ್ರಾಕ್ಷಿ ತೋಟದ ಪ್ರವಾಸ. ತೋಟ ಸುತ್ತಿಸಿ, ನಾಲ್ಕು ಗ್ಲಾಸಿನಲ್ಲಿ ನಾಲ್ಕು ಬಗೆಯ ವೈನಿನ ರುಚಿ ತೋರಿಸಿ, ಆಮೇಲೆ ಊಟ ಹಾಕುತ್ತಾರಂತೆ. ಊಟದ ದರ ನೋಡಿದ ಭಾವ, ಅಷ್ಟಕ್ಕೆ ತೋಟವನ್ನೇ ಭೋಗ್ಯಕ್ಕೆ ಕೊಡುತ್ತಾರೇನು ಎಂದು ಕೇಳಿದರು. ಆಮೇಲೆ ತಾವಾಗಿಯೇ, ಮದುವೆಯಾದ ಹೊಸತರಲ್ಲಿ ಮೆಟ್ಟೂರು ಅಣೆಕಟ್ಟು ನೋಡಲು ಹೋದಾಗ ದಾರಿಯಲ್ಲಿ ಅಕ್ಕನ ಜೊತೆ ತಾಳೆಮರದ ನೀರು ಕುಡಿದಿದ್ದನ್ನು ನೆನೆಸಿಕೊಂಡರು. "ಚೆನ್ನಾಗಿತ್ತು ಕಣಯ್ಯ" ಎಂದರು. ಬಾಯಿಗೆ ಸಂಬಂಧಿಸಿದ ಒಳ್ಳೆಯ ಮಾತು ಅವರಿಂದ ವರ್ಷದಲ್ಲಿ ಅದೇ ಮೊದಲು. ಮರುವಾರವೇ ಹೊರಟೆವು. ದ್ರಾಕ್ಷಿಯ ನಾಡು ಶ್ರೀಮಂತರಿಗಿರಲಿ, ತಾಳೆಯ ನಾಡು ನಮಗೆ ಎಂದು ತೀರ್ಮಾನಿಸಿ, ರಸದ ಜೊತೆಗೆ ಮಿತದರದ ಒಳ್ಳೆಯ ಊಟದ ಮನೆಗಳನ್ನು ಹುಡುಕುವ ಹೊಣೆಯನ್ನು ನಾನು ಹೊತ್ತುಕೊಂಡೆ.

ನೂರಮೂವತ್ತು ಕಿಲೋಮೀಟರ್ ದಾಟಿ ಧರ್ಮಪುರಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಸ್ ನಿಲ್ದಾಣದ ಎದುರು ಮಹಡಿಯುಳ್ಳ ಹೋಟೆಲೊಂದು ಕಂಡಿತು. ತಮಿಳಿನ ಬೋರ್ಡು ನಮ್ಮಿಬ್ಬರಿಗೂ ಓದಲು ಬಾರದು. ಮಾತಿನ ವಿಷಯದಲ್ಲಿ ಮಾತ್ರ ಭಾವ ಧೈರ್ಯಸ್ಥರು. ಒಂದು ಕಾಲದಲ್ಲಿ ಅವರ ಪಕ್ಕದ ಮನೆಯಲ್ಲಿ ತಮಿಳರಿದ್ದರು, ಆ ಆಧಾರದ ಮೇಲೆ ಪ್ರವಾಸದ ವಿದೇಶಾಂಗ ಖಾತೆಯನ್ನು ಅವರೇ ವಹಿಸಿಕೊಂಡಿದ್ದರು.

ಬಾಗಿಲಲ್ಲಿ ನಿಂತಿದ್ದ ಮೀಸೆಯ ಸಪ್ಲೈಯರ್ ಗೌರವದಿಂದ ಕೇಳಿದ: "ಸೈವಮಾ, ಅಸೈವಮಾ?"

ಭಾವ ನೆಟ್ಟಗೆ ನಿಂತು, ನಾಮದ ಕಡೆ ಬೆರಳು ತೋರಿಸಿ, "ಸೈವಂ ಇಲ್ಲೈ" ಎಂದರು.

ಸಪ್ಲೈಯರ್ ನಾಮವನ್ನು ನೋಡಿದ. ಭಾವನ ಮುಖ ನೋಡಿದ. ಲೋಕದಲ್ಲಿ ಏನೇನೋ ನಡೆಯುತ್ತದೆ ಎಂದು ಒಪ್ಪಿಕೊಂಡವನಂತೆ ಮೆಟ್ಟಿಲ ಕಡೆ ಕೈ ತೋರಿಸಿದ. ಊಟಕ್ಕೆ ಕೂರಿಸುವ ಮೊದಲು ಮತ ವಿಚಾರಿಸುವ ಪದ್ಧತಿ ನನಗೆ ವಿಚಿತ್ರವೆನಿಸಿತು. ಭಾವನಿಗೆ ಮೆಚ್ಚುಗೆಯಾಯಿತು. "ನೋಡಿದೆಯಾ, ಶೈವರಿಗೆ ಕೆಳಗೆ, ನಮಗೆ ಮೇಲೆ. ಸಂಪ್ರದಾಯ ಇನ್ನೂ ಉಳಿಸಿಕೊಂಡಿದ್ದಾರೆ" ಎನ್ನುತ್ತ ಮೆಟ್ಟಿಲು ಹತ್ತಿದರು. ಮೇಲಿನ ಹಾಲಿನಲ್ಲಿ ಸುಮಾರು ಇಪ್ಪತ್ತು ಎಲೆಗಳು ಹಾಸಿದ್ದವು, ಎಲ್ಲ ಎಲೆಗಳ ಅಂಚಿನಲ್ಲೂ ಮೂಳೆಗಳನ್ನು ಒಪ್ಪವಾಗಿ ಕೂಡಿಟ್ಟಿದ್ದರು. ಭಾವ ಹೊಸ್ತಿಲಲ್ಲೇ ತಿರುಗಿ ಬೀದಿಗೆ ಬಂದು ನಿಂತರು. ಕೆಳಗೆ ವಿಚಾರಿಸೋಣ ಎಂದೆ. "ಬೇಡ. ಹಸಿವೂ ಇಲ್ಲ" ಎಂದರು. ಆ ದನಿಯಲ್ಲಿ ಬೇಸರಕ್ಕಿಂತ ಬಿಡುಗಡೆಯೇ ಹೆಚ್ಚಿತ್ತು, ನನ್ನನ್ನು ಹೆದರಿಸಿದ್ದು ಅದು.

ಅಲ್ಲಿಂದ ಸೇಲಂ ಬಸ್ಸು ಹಿಡಿದೆವು. ತೊಪ್ಪೂರು ಘಾಟಿನಲ್ಲಿ ಲಾರಿಗಳು ಒಂದರ ಹಿಂದೊಂದು ಬ್ರೇಕಿನ ವಾಸನೆ ಬಿಡುತ್ತ ಇಳಿಯುತ್ತಿದ್ದವು. ಭಾವ ಕಣ್ಣು ಮುಚ್ಚಿಕೊಂಡು ಏನೋ ಪಠಿಸುತ್ತಿದ್ದರು. ಸೇಲಂನಲ್ಲಿ ಸಂಜೆ ತಳ್ಳುಗಾಡಿಯ ತಟ್ಟುವಡೈ ಸೆಟ್ ತಿಂದೆ: ಎರಡು ಪುಟ್ಟ ನಿಪ್ಪಟ್ಟುಗಳ ನಡುವೆ ಬೀಟ್‌ರೂಟು, ಕ್ಯಾರೆಟ್ಟಿನ ತುರಿ, ಎರಡು ಬಣ್ಣದ ಚಟ್ನಿ. ಅಗ್ಗ, ಅತ್ಯುತ್ತಮ, ಅಂಗಿಯ ಮೇಲೆ ಬೀಳದಂತೆ ತಿನ್ನುವುದು ಅಸಾಧ್ಯ. ಭಾವ ಒಂದು ಕಚ್ಚಿ ನೋಡಿ, ಉಳಿದದ್ದನ್ನು ನನ್ನ ಕೈಗಿಟ್ಟರು.

ಮರುದಿನ ಬೆಳಿಗ್ಗೆ ಒಂದೇ ಒಂದು ಇಡ್ಲಿ. ಇಡ್ಲಿ ಕೊಡುವವರು ಮತ ಕೇಳುವುದಿಲ್ಲ ಎಂಬುದನ್ನು ಗಮನಿಸಿದೆ. ಓಮಲೂರು ದಾಟಿ ಮೇಚೇರಿಯ ದಾರಿಯಲ್ಲಿ ತಾಳೆಮರಗಳು ಕಾಣಿಸಿಕೊಂಡವು. ಕೆಂಪು ನೆಲ, ಬೇಲಿಯ ಪಕ್ಕದಲ್ಲಿ ಕುರಿಮಂದೆ, ಮರದ ನೆರಳಿನಲ್ಲಿ ಮಡಕೆ ಇಟ್ಟುಕೊಂಡು ಕೂತ ಒಬ್ಬ ಮುದುಕ. ನಮ್ಮ ಮಾತು ಕೇಳಿ ಆತ ಕನ್ನಡದಲ್ಲೇ ಕರೆದ. ಆ ರಾಜ್ಯದಲ್ಲಿ ಹೆಂಡ ಇಳಿಸುವುದು ಅಪರಾಧ. ಮಡಕೆಯ ಒಳಗೆ ಸುಣ್ಣ ಬಳಿದು ಇಳಿಸಿದರೆ ಅದೇ ರಸ ಹುಳಿಯದೆ ಪದನೀರು ಎಂಬ ಆರೋಗ್ಯಕರ ಪಾನೀಯವಾಗುತ್ತದೆ. ಕಾನೂನಿಗೂ ನಾಲಿಗೆಗೂ ನಡುವೆ ಇಷ್ಟು ತೆಳುವಾದ ಗೋಡೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಬಿಸ್ಲು ಏರೋಕ್ ಮುಂಚೆ ಕುಡುದ್ಬುಡಿ ಸಾಮಿ. ಇಟ್ಕೊಂಡ್ರೆ ಉಳಿ ಬತ್ತೈತೆ, ಆಮ್ಯಾಕೆ ಪೊಲೀಸ್ನೋರೂ ಬತ್ತಾರೆ" ಎಂದು ಮುದುಕ ತಾಳೆಗರಿಯ ದೊನ್ನೆ ಮಡಿಸಿ ಕೊಟ್ಟ.

ಭಾವ ದೊನ್ನೆಯನ್ನು ಎರಡು ಕೈಯಲ್ಲಿ ಹಿಡಿದು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಆಕಾಶ ನೋಡಿದರು. ದ್ರಾಕ್ಷಿ ತೋಟದಲ್ಲಿ ಇದಕ್ಕೇ ದುಡ್ಡು ತೆಗೆದುಕೊಳ್ಳುವುದು. "ಸುಣ್ಣ ಒಂದು ಚೂರು ಮುಂದಾಗಿದೆ" ಎಂದು ತೀರ್ಪು ಕೊಟ್ಟರು. ದೊನ್ನೆ ಖಾಲಿ ಮಾಡಿದರು. ಯಾರಿಗೂ ಅಲ್ಲದಂತೆ, "ಅವಳು ಎರಡು ಕುಡಿದಿದ್ದಳು" ಎಂದರು. ನಾನು ಬೇರೆ ಕಡೆ ನೋಡಿದೆ. ಮುದುಕ ಕೇಳದೆಯೇ ಇನ್ನೊಂದು ದೊನ್ನೆ ತುಂಬಿದ. ಅದನ್ನು ಭಾವ ಅರ್ಧ ಕುಡಿದು, ಉಳಿದದ್ದನ್ನು ಮರದ ಬುಡಕ್ಕೆ ಸುರಿದರು.

ಈ ಯಶಸ್ಸಿನ ಅಮಲಿನಲ್ಲಿ ಮಧ್ಯಾಹ್ನಕ್ಕೆ ಎಡಪ್ಪಾಡಿಗೆ ಹೋದೆವು. ಬೀದಿ ಬೀದಿಯಲ್ಲೂ ಮಗ್ಗದ ಸದ್ದು. ಒಂದು ಮನೆಯ ಮುಂಭಾಗವನ್ನೇ ಮೆಸ್ ಮಾಡಿಕೊಂಡಿದ್ದ ದಂಪತಿ ಎಲೆ ಹಾಕಿದರು. ಗಂಡ ಅದೇ ಪ್ರಶ್ನೆ ಕೇಳಿದ, ಭಾವ ಅದೇ ಉತ್ತರ ಕೊಟ್ಟರು, ಹೆಂಡತಿ ಒಳಗಿಂದ ಬಂದು ಅನ್ನದ ಮೇಲೆ ಪ್ರೀತಿಯಿಂದ ಆಮ್ಲೆಟ್ ಇಟ್ಟಳು. ಭಾವ ಎದ್ದರು. ಎರಡು ಜಿಲ್ಲೆಗಳಲ್ಲಿ ಎಲೆಯ ಮೇಲೆ ಬರೀ ಸಾರು ಸುರಿಯುವವರು ಯಾರೂ ಇಲ್ಲ ಎಂದು ನಾನೂ ನಂಬತೊಡಗಿದೆ. ಆ ದಿನ ರಾತ್ರಿ ಸುಮಾ ಫೋನ್ ಮಾಡಿದಳು. ಸುಳ್ಳು ಹೇಳಬೇಡ ಎಂದಿದ್ದಳಾದ್ದರಿಂದ ಹವೆಯ ವಿಚಾರ ಮಾತ್ರ ಹೇಳಿದೆ.

ಮೂರನೆಯ ದಿನ ಮೆಟ್ಟೂರಿನ ಅಣೆಕಟ್ಟನ್ನು ದೂರದಿಂದ ನೋಡಿ, ಪೆನ್ನಾಗರಂ ಮೇಲೆ ಹೊಗೆನಕಲ್‌ಗೆ ಬಂದೆವು. ಹೊಳೆಯಲ್ಲಿ ನೀರು ಕಡಿಮೆ, ದಂಡೆಯಲ್ಲಿ ಎಣ್ಣೆ ಹೆಚ್ಚು. ಸಾಲಾಗಿ ಮೀನು ಕರಿಯುವ ಅಂಗಡಿಗಳು. ಭಾವ ಮೂಗಿಗೆ ವಸ್ತ್ರ ಹಿಡಿದು ಜಲಪಾತ ನೋಡಿದರು. ಬಸ್ಸಿಗೆ ಸಮಯವಿತ್ತು. ನೆರಳಿದ್ದದ್ದು ಮಾದಮ್ಮ ಎಂಬಾಕೆಯ ಅಂಗಡಿಯ ಬೆಂಚಿನಲ್ಲಿ ಮಾತ್ರ. ಬರೀ ಸೋಡಾ ಕುಡಿಯುವ ಕರಾರಿನ ಮೇಲೆ ಭಾವ ಅಲ್ಲಿ ಕೂತರು.

ಮಾದಮ್ಮ ಸೋಡಾ ಒಡೆದು ಕೊಟ್ಟು, "ಊಟ ಮಾಡಾಕಿಲ್ವಾ ಸಾಮಿ? ಸೈವಾನಾ, ಅಸೈವಾನಾ?" ಎಂದಳು.

"ಸೈವ ಅಲ್ಲಮ್ಮ" ಎಂದರು ಭಾವ, ದಣಿವಿನಿಂದ. ಈಗ ನಾಮದ ಕಡೆ ಬೆರಳು ಕೂಡ ಎತ್ತಲಿಲ್ಲ.

ಮರುಗಳಿಗೆಯಲ್ಲಿ ಅವರ ಮುಂದೆ ಎಲೆ ಬಿತ್ತು. ಎಲೆಯ ಮೇಲೆ ಕೆಂಪಗೆ ಕರಿದ ಮೀನೊಂದು ಅವರನ್ನೇ ನೋಡುತ್ತಿತ್ತು. ಭಾವ ಬೆಂಚಿನ ತುದಿಗೆ ಸರಿದರು.

"ಇದೇನಮ್ಮ ಇದು? ನಾವು ವೈಷ್ಣವ."

ಮಾದಮ್ಮ ಸೌಟು ಹಿಡಿದೇ ಯೋಚಿಸಿದಳು. "ಅದ್ಯಾವ ಮೀನು ಸಾಮಿ? ನಮ್ಮ ಒಳ್ಯಾಗೆ ಸಿಗಾಕಿಲ್ಲ. ಇಲ್ಲಿರಾದು ಕೆಂಡೆ, ಬಾಳೆ, ಜಿಲೇಬಿ."

"ಜಿಲೇಬಿ ಇದೆಯಾ?" ಎಂದು ಭಾವ ತಟ್ಟನೆ ಕೇಳಿದರು. ಕಣ್ಣಿನಲ್ಲಿ ಹೊಳಪಿತ್ತು, ಅದನ್ನು ನಾನು ಸ್ಪಷ್ಟವಾಗಿ ಕಂಡೆ.

"ಇದೇಯ ಜಿಲೇಬಿ" ಎಂದು ಮಾದಮ್ಮ ಎಲೆಯ ಮೇಲಿನ ಮೀನು ತೋರಿಸಿದಳು.

ಆಗ ನಾನು ನಡುವೆ ಬಂದು, ಮೂರು ದಿನದ ಕಥೆಯನ್ನೆಲ್ಲ ಹೇಳಿದೆ. ಹೋದ ಕಡೆಯಲ್ಲೆಲ್ಲ ಶೈವರೇ ಎಂದು ಕೇಳಿದ್ದು, ಅಲ್ಲ ಎಂದದ್ದಕ್ಕೆ ಮಾಂಸ ತೋರಿಸಿದ್ದು. ಮಾದಮ್ಮ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಯ್ಯ ಸಾಮಿ, ಇಲ್ಲಿ ಸೈವ ಅಂದ್ರೆ ಸೊಪ್ಪು, ತರಕಾರಿ ಊಟ. ಅಸೈವ ಅಂದ್ರೆ ಮೀನು, ಬಾಡು. ನಿಮ್ಮ ಕುಲ ಕಟ್ಕೊಂಡು ನಂಗೇನು? ಎಲೆ ಮ್ಯಾಲೆ ಏನ್ ಆಕ್ಲಿ ಅಂತ ಕೇಳುದ್ದೆ, ಅಷ್ಟೇಯ."

ಭಾವ ಸೋಡಾದ ಬಾಟಲಿಯನ್ನು ಕೆಳಗಿಟ್ಟರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು. ನಕ್ಕು ಕೆಮ್ಮಿ, ಕನ್ನಡಕ ತೆಗೆದು ಒರೆಸಿಕೊಂಡು, "ಆ ಮೀಸೆಯವನು ನನ್ನ ನಾಮ ನೋಡಿದ್ದು ಅದಕ್ಕೇನೋ. ಇಷ್ಟು ದೊಡ್ಡ ನಾಮ ಹಾಕ್ಕೊಂಡು ಮಾಂಸ ಕೇಳ್ತಾನಲ್ಲ ಮುದುಕ ಅಂತ" ಎಂದು ಮತ್ತೆ ನಕ್ಕರು. "ಇದನ್ನ ನಿಮ್ಮಕ್ಕನಿಗೆ ಹೇಳಿದ್ದರೆ ವಾರಗಟ್ಟಲೆ ಆಡಿಕೊಳ್ಳೋಳು ಕಣಯ್ಯ." ಆಮೇಲೆ, ಬಹಳ ಹೊತ್ತಿನ ಮೇಲೆ ನೆನಪಾದವರಂತೆ, "ನನಗೆ ಹಸಿವಾಗ್ತಿದೆ" ಎಂದರು.

ಮೀನನ್ನು ಮಾದಮ್ಮ ಪಕ್ಕದ ಬೆಂಚಿನವರಿಗೆ ದಾಟಿಸಿದಳು. ಮೀನಿನ ಬಾಣಲೆಯ ಪಕ್ಕದಲ್ಲಿ ಬೆಂದ ತರಕಾರಿ ಭಾವನಿಗೆ ಆಗದು, ನಾವು ಸಿಕ್ಕ ಮೊದಲ ಬಸ್ಸು ಹತ್ತಿದೆವು. ಧರ್ಮಪುರಿಗೆ ನಲವತ್ತಾರು ಕಿಲೋಮೀಟರ್, ಆ ದಾರಿಯುದ್ದಕ್ಕೂ ಊಟದ ಹೊತ್ತು ಮುಗಿದು ಬಾಗಿಲು ಹಾಕಿಬಿಟ್ಟರೆ ಎಂಬ ಚಿಂತೆ ನನಗೆ. ಈ ಹಸಿವು ಇನ್ನೊಂದು ಊರಿನವರೆಗೆ ಕಾಯುತ್ತದೆ ಎಂಬ ಭರವಸೆ ಇರಲಿಲ್ಲ. ಪೆನ್ನಾಗರಂನಲ್ಲಿ ಡ್ರೈವರು ಟೀ ಕುಡಿಯಲು ಇಳಿದಾಗ, ಜೀವನದಲ್ಲಿ ಮೊದಲ ಬಾರಿಗೆ ಟೀಯನ್ನು ದ್ವೇಷಿಸಿದೆ. ಬೇರೆ ಹೋಟೆಲು ನೋಡೋಣವೇ ಎಂದರೆ ಭಾವ ಒಪ್ಪಲಿಲ್ಲ. ಮೊದಲ ದಿನದ ಆ ಮಹಡಿ ಹೋಟೆಲೇ ಆಗಬೇಕು ಎಂದರು.

ಅದೇ ಮೀಸೆಯ ಸಪ್ಲೈಯರ್ ಬಾಗಿಲಲ್ಲಿದ್ದ. ನಮ್ಮ ಗುರುತು ಹಿಡಿದ. ಹೇಳದೆಯೇ ಮೆಟ್ಟಿಲ ಕಡೆ ಕೈ ತೋರಿಸಿದ.

ಭಾವ ಅಲ್ಲಾಡಲಿಲ್ಲ. ಆಚಾರ್ಯರ ಕಾಲದಿಂದ ಅವರ ಮನೆತನದಲ್ಲಿ ಯಾರೂ ಆಡದಿದ್ದ ಮಾತನ್ನು, ಬಸ್ ನಿಲ್ದಾಣದ ಎದುರು, ಸ್ಪಷ್ಟವಾದ ಸ್ವರದಲ್ಲಿ ಆಡಿದರು: "ನಾನು ಸೈವಂ."

ಸಪ್ಲೈಯರ್ ಮತ್ತೊಮ್ಮೆ ನಾಮ ನೋಡಿದ. ಮೂರು ದಿನದಲ್ಲಿ ಮನುಷ್ಯ ಇಷ್ಟು ತಿದ್ದಿಕೊಳ್ಳಬಹುದು ಎಂಬ ಸಮಾಧಾನ ಅವನ ಮುಖದ ಮೇಲಿತ್ತು. ಕೆಳಗಿನ ಹಾಲಿನಲ್ಲಿ, ಫ್ಯಾನಿನ ಕೆಳಗೆ ಕೂರಿಸಿದ. ಇಡೀ ಹಾಲ್ ಮೊನ್ನೆ ನಾವು ನಿಂತಿದ್ದ ಬಾಗಿಲಿನಿಂದಲೇ ಕಾಣುತ್ತಿತ್ತು.

ಎಲೆ ಬಂತು. ಬೀನ್ಸ್ ಪಲ್ಯ, ಸೋರೆಕಾಯಿ ಕೂಟು, ಸಾಂಬಾರು, ಸುಂಡೆಕಾಯಿಯ ಹುಳಿ, ರಸಂ, ಮಜ್ಜಿಗೆ, ಒಂದು ಹಪ್ಪಳ. ಊಟಕ್ಕೆ ನೂರು ರೂಪಾಯಿ. ಅನ್ನದ ಪಾತ್ರೆ ಹಿಡಿದು ಸಪ್ಲೈಯರ್ ಬಾಗಿದಾಗ ನಾನು "ಸಾಕು" ಎಂಬ ಮಾತಿಗಾಗಿ ಕಾದೆ. ಅದು ಬರಲಿಲ್ಲ.

ಸುಮಾಗೆ ಅಲ್ಲಿಂದಲೇ ಫೋನ್ ಮಾಡಿದೆ. ಭಾವ ಮೂರು ಸಲ ಅನ್ನ ಹಾಕಿಸಿಕೊಂಡರು.