ಓದದೆ ಉಳಿದ ಪತ್ರಗಳು ಮತ್ತು ನಮ್ಮ ಚೆನ್ನಮ್ಮ ಮೇಡಂ

ಸಂವಿಧಾನಶಾಸ್ತ್ರವನ್ನು ಜನರ ಅಳಲಿನ ಪಕ್ಕದಲ್ಲಿಟ್ಟು ಕಲಿಸಿದ ಅಧ್ಯಾಪಕರಲ್ಲಿ ಡಾ. ಚೆನ್ನಮ್ಮ ಬಸವಂತಪ್ಪನವರು ಅಗ್ರಗಣ್ಯರು. ಪರ್ತ್‌ನಲ್ಲಿ ಹನ್ನೊಂದು, ಬ್ರಿಸ್ಬೇನ್‌ನಲ್ಲಿ ಹದಿನಾಲ್ಕು, ಅಡಿಲೇಡ್‌ನಲ್ಲಿ ಆರು ವರ್ಷ ಪಾಠ ಹೇಳಿ ಈಗ ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯುವಾಗ, ಶಿಷ್ಯೆಯಾದ ನಾನು ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಏಳು ವರ್ಷಗಳ ಹಿಂದೆ, ನಾನು ಬ್ರಿಸ್ಬೇನ್‌ನಲ್ಲಿ ಅವರ ಬಳಿ ಸಂಶೋಧನೆ ಮಾಡುತ್ತಿದ್ದಾಗ, ಪೆಸಿಫಿಕ್ ಸಾಗರದ ತಲೋರಾ ಎಂಬ ದ್ವೀಪರಾಷ್ಟ್ರದಲ್ಲಿ ಭೂಮಿಯ ಹಂಚಿಕೆಯ ವಿರುದ್ಧ ಜನ ಬೀದಿಗಿಳಿದಿದ್ದರು. ಹೊಸ ಸಂವಿಧಾನದ ಭರವಸೆ ಕೊಟ್ಟ ಸರ್ಕಾರ, ಅದರ ಕರಡು ರಚನೆಗೆ ಸಲಹೆಗಾರರಾಗಿ ಮೇಡಂ ಅವರನ್ನು ಆಹ್ವಾನಿಸಿತು. ಅದರಲ್ಲಿ ಏನಿರಬೇಕೆಂದು ಜನ ಬರೆದ ಒಂಬತ್ತು ಸಾವಿರ ಪತ್ರಗಳನ್ನು ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್ ಬಡಾವಣೆಯ ಅವರ ಮನೆಯಲ್ಲಿ ನಾವು ವಿಂಗಡಿಸಿದೆವು. ಉತ್ತರದ ಪುಟ್ಟ ದ್ವೀಪಗಳಿಂದ ಬಂದ ಇನ್ನೂರು ಚಿಲ್ಲರೆ ಪತ್ರಗಳು ಅಲ್ಲಿನ ಆಡುನುಡಿಯಲ್ಲಿದ್ದವು. ಅನುವಾದಕ್ಕೆ ಸಮಯವಿಲ್ಲವೆಂದು ನಾನು ಅವನ್ನು 'ಅಪ್ರಸ್ತುತ' ಎಂಬ ಪೆಟ್ಟಿಗೆಗೆ ಹಾಕಿಬಿಟ್ಟೆ.

ಕರಡು ಮುದ್ರಣಕ್ಕೆ ಹೋಗುವ ಹಿಂದಿನ ದಿನ ಮೇಡಂ ಆ ಪೆಟ್ಟಿಗೆ ತೆರೆದರು.

"ಕೃತಿ, ಇದನ್ನ ಯಾರು ಓದಿದ್ರು?"

"ಯಾರೂ ಇಲ್ಲ ಮೇಡಂ. ನಾಳೆ ಮಧ್ಯಾಹ್ನಾನೇ ಡೆಡ್‌ಲೈನ್ ಅಲ್ವಾ, ಅದಕ್ಕೇ ಬಿಟ್ಬಿಟ್ಟೆ."

ಅವರು ಕೂಡಲೇ ಕರಡು ಆಯೋಗದ ಅಧ್ಯಕ್ಷರಿಗೆ ಫೋನ್ ಮಾಡಿದರು. ಜನ ಬೀದಿಯಲ್ಲಿದ್ದಾರೆ, ಕಾಯಲಾಗದು ಎಂದರು ಅಧ್ಯಕ್ಷರು. ತಮ್ಮ ಮಾತನ್ನು ಯಾರೂ ಕೇಳಲಿಲ್ಲವೆಂದೇ ಅವರು ಬೀದಿಗೆ ಬಂದದ್ದು, 'ತಪ್ಪು ನನ್ನದು, ಮೂರು ವಾರ ಕೊಡಿ' ಎಂದರು ಮೇಡಂ. ನನ್ನ ಹೆಸರನ್ನು ಎತ್ತಲೇ ಇಲ್ಲ. ಕೊನೆಗೆ ಅಧ್ಯಕ್ಷರು ಒಪ್ಪಿದರು. ಮೇಡಂ ಫೋನ್ ಇಟ್ಟು ನನ್ನತ್ತ ತಿರುಗಿದರು.

"ಅಳ್ಬೇಡ. ಇಲ್ಲೇ ಪಕ್ಕದ ಇಪ್ಸ್‌ವಿಚ್‌ನಲ್ಲಿ ಆ ದ್ವೀಪಗಳ ಕಡೆಯ ನರ್ಸ್ ಒಬ್ರು ಇದಾರೆ. ಕಾರ್ ತೆಗಿ, ಈಗ್ಲೇ ಹೋಗೋಣ."

ಆ ನರ್ಸ್ ಪಾಳಿ ಮುಗಿಸಿ ಬಂದು ದಿನವೂ ನಮಗೆ ಓದಿ ಹೇಳಿದರು. ಹೆಚ್ಚಿನ ಪತ್ರಗಳ ಸಂಕಟ ಒಂದೇ: ದ್ವೀಪದ ಸಿಹಿನೀರಿನ ಬಾವಿಗಳು ಹೋಟೆಲುಗಳ ಬೇಲಿಯೊಳಗೆ ಸೇರಿಹೋಗಿದ್ದವು. ನೀರಿನ ಹಕ್ಕು ಕರಡಿನ ಹೊಸ ವಿಧಿಯಾಯಿತು.

ಆದರೂ ಜನಮತಗಣನೆಯಲ್ಲಿ ಕರಡು ಅಲ್ಪ ಅಂತರದಲ್ಲಿ ಬಿದ್ದುಹೋಯಿತು. ಸೋಲಿಗೆ ವಿಳಂಬವೇ ಕಾರಣ, ವಿಳಂಬಕ್ಕೆ ಹೊರಗಿನ ಹೆಂಗಸೇ ಕಾರಣವೆಂದು ಅಲ್ಲಿನ ಪತ್ರಿಕೆಗಳು ಬರೆದವು. ತಡವಾಗದಿದ್ದರೆ ಗೆಲ್ಲುತ್ತಿತ್ತೇ ಎಂದು ಕೇಳುವ ಧೈರ್ಯ ನನಗೆ ಬಂದದ್ದು ವರ್ಷದ ನಂತರ, ಅವರು ಅಡಿಲೇಡಿಗೆ ಹೊರಟಾಗ.

"ಗೊತ್ತಿಲ್ಲ ಕೃತಿ. ಆ ಪ್ರಶ್ನೆ ನನ್ನನ್ನೂ ನೆಮ್ಮದಿಯಾಗಿ ಇರೋಕೆ ಬಿಟ್ಟಿಲ್ಲ."

ಈ ವರ್ಷ ತಲೋರಾ ಮತ್ತೆ ಸಂವಿಧಾನ ಬರೆಯಲು ಹೊರಟಿದೆ. ಮತ್ತೆ ಅವರನ್ನೇ ಕರೆದಿದೆ. ಅಡಿಲೇಡ್‌ನ ಕಿಲ್ಬರ್ನ್ ಬಡಾವಣೆಯ ಮನೆಗೆ ಬೀಗ ಹಾಕಿ ಅವರು ಮುಂದಿನ ತಿಂಗಳು ಹೊರಡುತ್ತಾರೆ. ಈ ಸಲದ ಪತ್ರಗಳ ಹೊಣೆಯನ್ನು, ಎಲ್ಲರನ್ನೂ ಬಿಟ್ಟು, ನನಗೇ ವಹಿಸಿದ್ದಾರೆ. ಅವರಿಗೆ ದೀರ್ಘಾಯುಷ್ಯವನ್ನೂ ಗಟ್ಟಿ ಆರೋಗ್ಯವನ್ನೂ ಮನಸಾರೆ ಕೋರುತ್ತೇನೆ. ವಿಶ್ರಾಂತಿಯನ್ನು ಮಾತ್ರ ಕೋರಲಾರೆ.