ನಡುಕ ನಿಂತ ಮೇಲೆ

ಅಕ್ಕ ಮತ್ತು ನಾನು ಗುಮ್ಮಘಟ್ಟದ ಕಡೆಯ ಒಂದೇ ಹಳ್ಳಿಗೆ ಸೊಸೆಯಂದಿರಾಗಿ ಬಂದವರು. ಸೀತಾಫಲದ ಕಾಲದಲ್ಲಿ ಇಬ್ಬರೂ ಗುಡ್ಡ ಹತ್ತಿ ಹಣ್ಣು ಕಿತ್ತು, ಮರುದಿನ ಆಟೋದಲ್ಲಿ ರಾಯದುರ್ಗಕ್ಕೆ ಒಯ್ದು ಮಾರುತ್ತಿದ್ದೆವು.

ಅವತ್ತು ಕಾರ್ತಿಕ ಸೋಮವಾರ, ಅಕ್ಕನಿಗೆ ಉಪವಾಸ. ಟಿವಿಯಲ್ಲಿ ತುಫಾನು ಎಂದು ಹೇಳುತ್ತಿದ್ದರು. ತುಫಾನು ಸಮುದ್ರದ ಊರಿನವರಿಗೆ, ನಮಗೇನು ಅಂದುಕೊಂಡೆವು. ಆದರೂ ಅಕ್ಕ ಹೆಗಲಿಗೆ ಕಂಬಳಿ ಹಾಕಿಕೊಂಡೇ ಹೊರಟಳು.

ಮಧ್ಯಾಹ್ನಕ್ಕೆ ಮುಂಚೆಯೇ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಜೋರಾಗಿ ಹೊಡೆದು ಹೋಗಿಬಿಡುತ್ತದೆ. ಇದು ಹೋಗಲಿಲ್ಲ. ಗಾಳಿಯ ಜೊತೆ ಒಂದೇ ಸಮ ಸುರಿಯಿತು. ಇಳಿದು ಬಂದರೆ ಗುಡ್ಡದ ಬುಡದ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು, ದಾಟುವಂತಿರಲಿಲ್ಲ. ಫೋನಿಗೆ ನೀರು ಹೋಗಿತ್ತು. ಒಂದು ಬಂಡೆಯ ಮರೆಗೆ ಕೂತು ಕಂಬಳಿಯನ್ನು ಇಬ್ಬರೂ ಹೊದ್ದೆವು. ಅದೂ ನೆನೆದು ಭಾರವಾಗಿತ್ತು.

ಬಿಸಿಲಿಗೆ ಸಾಯುವವರನ್ನು ಕಂಡ ನೆಲ ನಮ್ಮದು. ಚಳಿಗೂ ಜೀವ ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲು ಹಲ್ಲು ಕಟಕಟ ಎಂದವು. ಆಮೇಲೆ ಮೈಯೆಲ್ಲ ಎತ್ತಿ ಎತ್ತಿ ಒಗೆಯುವಂತೆ ನಡುಕ. ಪಕ್ಕೆಲುಬು ನೋಯುತ್ತಿದ್ದವು. ಚೀಲದ ಬಾಯಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಒಂದು ಹಣ್ಣಾದರೂ ತಿನ್ನೋಣವೆಂದರೆ ಬೆರಳು ನನ್ನ ಮಾತು ಕೇಳಲಿಲ್ಲ. ಅವು ಬೇರೆ ಯಾರದೋ ಬೆರಳಿನಂತೆ ಹಗ್ಗದ ಮೇಲೆ ಬಿದ್ದಿದ್ದವು. ನಾಲಿಗೆ ದಪ್ಪವಾಗಿ ಮಾತು ತೊದಲಿತು.

ಎಷ್ಟು ಹೊತ್ತಾಯಿತೋ. ಮಳೆಯ ಸದ್ದಿನೊಳಗೆ ಯಾರೋ ರೊಟ್ಟಿ ತಟ್ಟುವ ಸದ್ದು ಕೇಳಿಸತೊಡಗಿತು. ನಾನು ಅದನ್ನೇ ಕೇಳುತ್ತ ಕೂತೆ. ಹೆದರಿಕೆ ಇರಲಿಲ್ಲ. ಪಕ್ಕದಲ್ಲಿ ಅಕ್ಕ ಇದ್ದಾಳೆಂಬುದೂ ಮರೆತಿತ್ತು.

ಅಕ್ಕ ಕಂಬಳಿ ಪೂರಾ ನನ್ನ ಕಡೆ ತಳ್ಳಿದಾಗ ಎಚ್ಚರಾದೆ. ಅವಳು ನಡುಗುತ್ತಿರಲಿಲ್ಲ. ಸೆರಗು ತೆಗೆದು ಹಾಕಿದ್ದಳು.

"ಹೊದ್ಕೊಳ್ಳೇ. ನನಗ ಸೆಕಿ ಆಗಾಕತ್ತೈತಿ."

"ಸೆಕಿ ಯಾಕ ಆಗ್ತೈತಿ ಅಕ್ಕಾ, ಇಂಥಾ ಮಳ್ಯಾಗ?"

"ಆಗ್ತೈತಿ ಅಂದ್ನಲ್ಲ. ತಗೋ."

ನಾನು ತಗೊಂಡೆ. ಇದನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಅವಳು ನಡುಗುತ್ತಿಲ್ಲ, ಹಾಗಾದರೆ ಅವಳಿಗೆ ಚಳಿ ಇಲ್ಲ ಎಂದುಕೊಂಡೆ. ಕಂಬಳಿಯನ್ನು ಮೈತುಂಬ ಸುತ್ತಿಕೊಂಡೆ, ಒಂದು ಅಂಚೂ ಬಿಡದಂತೆ.

ಚಿಕ್ಕಂದಿನಲ್ಲೂ ಅವಳು ಹಾಗೆಯೇ. ತಟ್ಟೆಯಲ್ಲಿದ್ದ ಮುದ್ದೆ ನನ್ನ ಕಡೆ ಸರಿಸಿ, "ನನಗ ಹಸಿವಿಲ್ಲ" ಅನ್ನುತ್ತಿದ್ದಳು. ಅದು ಸುಳ್ಳೆಂದು ಗೊತ್ತಿದ್ದೂ ತಿನ್ನುತ್ತಿದ್ದೆ. ಗುಡ್ಡದಲ್ಲಿ ಅವಳು ಹೇಳಿದ್ದು ಅಂಥ ಸುಳ್ಳೋ, ಅವಳ ಮೈ ಅವಳಿಗೇ ಹೇಳಿದ ಸುಳ್ಳೋ, ನನಗೆ ಇವತ್ತಿಗೂ ತಿಳಿಯದು.

ಸಂಜೆ ಮುಂದೆ ಮಳೆ ಕಡಿಮೆಯಾಗಿ, ಮೇಲಿನ ದಾರಿಯಿಂದ ಕುರಿ ಹೊಡೆದುಕೊಂಡು ಬಂದ ಇಬ್ಬರು ಕುರುಬರು ನಮ್ಮನ್ನು ಕಂಡರು. ಅವರಲ್ಲಿ ಹಿರಿಯವರು ಅಕ್ಕನ ಕೆನ್ನೆ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ತಂಗಿ, ನೀ ನಿದ್ದಿ ಮಾಡಬ್ಯಾಡ. ಮಾತಾಡಸ್ತ ಇರು ಆಕಿನ್ನ" ಅಂದರು. ಅಕ್ಕನನ್ನು ಹೊತ್ತು ಸುತ್ತುದಾರಿಯಲ್ಲಿ ರಸ್ತೆಗೆ ತಂದರು. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ರಾಯದುರ್ಗದ ದೀಪಗಳು ಕಾಣುವಾಗ ಉಸಿರು ನಿಂತಿತ್ತು.

ಆಸ್ಪತ್ರೆಯಲ್ಲಿ ನನ್ನ ಕೈಕಾಲಿಗೆ ಬಟ್ಟೆ ಸುತ್ತಿದ ನರ್ಸಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ಅವರು ತಲೆ ತಗ್ಗಿಸಿದರು. "ನಡುಗಾಕತ್ತಿದ್ರ ಮೈ ಇನ್ನೂ ಹೊಡದಾಡಾಕತ್ತೈತಿ ಅಂತ ಅರ್ಥಮ್ಮ. ನಡುಕ ನಿಂತು ಸೆಕಿ ಅಂದ್ರ, ಆಗ ಬಾಳ ಹುಷಾರಿರಬೇಕು."

ಅಲ್ಲಿಂದ ಇತ್ತ ನಾನು ಆ ಗುಡ್ಡ ಹತ್ತಿಲ್ಲ. ಮೋಡ ಕವಿದ ದಿನ ಒಲೆ ಮುಂದೆ ಕೂತಿದ್ದರೂ ಎಡಪಕ್ಕೆಗೆ ಒಂದು ತಣ್ಣನೆ ಮೈ ಒತ್ತಿದಂತಾಗುತ್ತದೆ. ಸರಿದು ಜಾಗ ಬಿಡುತ್ತೇನೆ.

ತಿಥಿ ಮುಗಿದ ಮೇಲೆ ಭಾವ ನನ್ನನ್ನು ಅಂಗಳಕ್ಕೆ ಕರೆದು ಒಂದೇ ಮಾತು ಕೇಳಿದರು.

"ಬಾಳ ನಡುಗಿದ್ಲೇನವ್ವ ಕಡೀಗೆ?"

"ಇಲ್ರಿ ಭಾವ. ನಡುಗಲಿಲ್ಲ."

ಅವರು ಕಣ್ಣು ಒರೆಸಿಕೊಂಡು, "ಅಷ್ಟರ ಮಟ್ಟಿಗೆ ಪುಣ್ಯ ಮಾಡಿದ್ಲು ಬಿಡು" ಅಂದರು. ನಾನು ಹೌದ್ರಿ ಅಂದೆ.