ತೆಂಕಕ್ಕೆ ತಿರುಗಿದ ಗಾಳಿಯಂತ್ರ

ಇವತ್ತು ನನ್ನ ಸೊಸೆ ಕಿರುಗುಟ್ಟುವ ಬಾಗಿಲಿಗೆ ಹರಳೆಣ್ಣೆ ಬಿಡುತ್ತಿದ್ದಳು. ನಮ್ಮಿಬ್ಬರಿಗೂ ಎರಡು ದಿನದಿಂದ ಮಾತಿಲ್ಲ. ಹೊಸ ಅಡುಗೆಮನೆಯಲ್ಲಿ ಒಲೆ ಮೂಡಲಿಗೇ ಇರಬೇಕು, ಅದು ನಮ್ಮತ್ತೆ ಕಲಿಸಿದ ಕ್ರಮ ಎಂದು ನಾನು; ತೆಂಕಲ ಕಿಟಕಿಯ ಕಡೆ ಬೆಳಕಿದೆ ಎಂದು ಅವಳು. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅತ್ತೆ ಎದುರಿಗೆ ಬಂದು ನಿಂತ ಹಾಗಾಯಿತು.

ಐವತ್ತರ ದಶಕ. ಚಾಮರಾಜನಗರದಿಂದ ಬೇಗೂರಿಗೆ ಸೊಸೆಯಾಗಿ ಹೋದಾಗ ಹಿತ್ತಿಲಿನಲ್ಲೊಂದು ಗಾಳಿಯಂತ್ರ ಮುರಿದು ಬಿದ್ದಿತ್ತು. ನಾನು ಕಂಡಿರದ ಮಾವ ಎಲ್ಲಿಂದಲೋ ತರಿಸಿ, ಹೊಲದ ಬಾವಿಯಿಂದ ನೀರೆತ್ತಲು ನಿಲ್ಲಿಸಿದ್ದರಂತೆ. ಗಾಳಿ ನಂಬಿ ಬೇಸಾಯ ಮಾಡುವ ಗೌಡ ಎಂದು ಊರು ನಕ್ಕಿತ್ತು. ಮಾವ ಹೋದರು, ಯಂತ್ರವೂ ಉರುಳಿತು, ನಗು ಮಾತ್ರ ಉಳಿಯಿತು.

ಅದನ್ನು ಬಸ್ಸು ನಿಲ್ಲುವ ಕಡೆ, ಊರಬಾವಿಯ ಮೇಲೆ, ನಾಲ್ಕು ಜನ ನೋಡುವಂತೆ ತಿರುಗಿಸಬೇಕೆಂದು ಅತ್ತೆಯ ಹಟ. ಕುಲುಮೆಯಲ್ಲಿ ರೆಕ್ಕೆಗಳ ಸೊಟ್ಟ ತೆಗೆಸಿದರು. ನಾವಿಬ್ಬರೂ ಕೂತು ತೆಂಗಿನ ನಾರಿನಲ್ಲಿ ತುಕ್ಕು ಉಜ್ಜಿ, ಚಕ್ರದ ನಡುವಿನ ಗುಂಬಕ್ಕೆ ಹರಳೆಣ್ಣೆ ಕುಡಿಸಿದೆವು. ಸಾರು ಕೆಡಿಸುವುದರಲ್ಲಿ ಆಗಲೇ ಹೆಸರಾಗಿದ್ದೆ ನಾನು. "ಅಡ್ಗೆಗಿಂತ ಇದ್ನೇ ಚೆಂದಾಗ್ ಮಾಡ್ತೀಯ ಕಣಮ್ಮಿ" ಎಂದು ಅತ್ತೆ ನಕ್ಕರು. ನಾನು ಆ ಮನೆಯವಳಾದದ್ದು ಅಂದೇ.

ಆದರೆ ನಿಲ್ಲಿಸುವಾಗ ಅತ್ತೆಯ ಶಾಸ್ತ್ರ ಅಡ್ಡ ಬಂತು. ಏನನ್ನೇ ಪ್ರತಿಷ್ಠೆ ಮಾಡಿದರೂ ಮುಖ ಮೂಡಲಿಗಿರಬೇಕು. ಕಂಬಕ್ಕೆ ವಿಭೂತಿ ಬಳಿದರು. ಗಾಳಿಯತ್ತ ಚಕ್ರವನ್ನು ತಿರುಗಿಸುವುದೇ ಅದರ ಬಾಲ. ಆ ಬಾಲವನ್ನೇ ಅಲುಗದಂತೆ ಹಗ್ಗದಿಂದ ಬಿಗಿಸಿದರು. ಆಷಾಢದ ಗಾಳಿಯೋ, ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ, ತೆಂಕಲಿಂದ ಬೀಸುತ್ತಿತ್ತು. ಚಕ್ರ ಮಿಸುಕಲಿಲ್ಲ. ನೆರೆದವರ ನಡುವೆ ಆ ಹಳೆಯ ನಗು ಮತ್ತೆ ಕೇಳಿಸಿತು.

ಅತ್ತೆಯ ಮುಖ ಸಣ್ಣದಾಯಿತು. ತಲೆಯೆತ್ತಿ ಚಕ್ರವನ್ನು ನೋಡಿ, ಮಗನಿಗೆ "ಹಗ್ಗ ಬುಚ್ಚಾಕ್ಲಾ" ಎಂದರು.

ನಮ್ಮವರು ಹಿಂದೆಮುಂದೆ ನೋಡಿದರು. "ತೆಂಕಕ್ಕೆ ತಿರುಗ್ಬುಡ್ತದೆ ಕಣವ್ವಾ. ಯಮನ ದಿಕ್ಕು."

"ತಿರುಗ್ಲಿ ಬುಡು. ನಿಮ್ಮಪ್ಪ ಮಾತ್ರ ಯಾವತ್ತು ನನ್ ಮಾತ ಕೇಳಿದ್ರು?"

ಹಗ್ಗ ಬಿಚ್ಚಿದ್ದೇ ತಡ, ಚಕ್ರ ತೆಂಕಕ್ಕೆ ಹೊರಳಿ ತಿರುಗತೊಡಗಿತು. ತೊಟ್ಟಿಗೆ ನೀರು ಬಿತ್ತು. ಬಸ್ಸಿನವರು ಇಳಿದು ಬಂದು ನೋಡಿದರು; ನಕ್ಕವರೇ ಬೊಗಸೆಯೊಡ್ಡಿದರು. ಅತ್ತೆ ಕಣ್ಣೊರೆಸಿಕೊಂಡು, ಮೊದಲ ಚೊಂಬು ನೀರನ್ನು ನನ್ನ ಕೈಗಿಟ್ಟರು. ಅದಕ್ಕೆ ಹರಳೆಣ್ಣೆಯ ವಾಸನೆಯಿತ್ತು. ಆ ನೀರಿನ ಋಣ ನನ್ನ ಮೇಲೆ ಇನ್ನೂ ಇದೆ.

ಎದ್ದು ಸೊಸೆಯ ಹತ್ತಿರ ಹೋದೆ. ಅವಳು ಎಣ್ಣೆಗೈಯಲ್ಲೇ ತಿರುಗಿ ನೋಡಿದಳು.

"ಒಲೆ ಕಿಟಕಿ ಕಡೆಗೇ ಇಟ್ಕೊ ಕಣಮ್ಮಿ" ಎಂದೆ. "ನಮ್ಮತ್ತೆ ಏನೂ ಅನ್ನಲ್ಲ."